ತುತ್ತದ ಅಂಗಿ

ಶಿರಸಿ ಸೀಮೆಯಿಂದ ಬಂದವನಿಗೆ ಇಗತಪುರಿಯ ಮಳೆ ಹೊಸದೇನಲ್ಲ. ಕಸಾರಾ ಘಾಟಿಯಲ್ಲಿ ಬ್ಯಾಂಕರ್ ಎಂಜಿನ್ನಿನಿಂದ ತಳ್ಳಿಸಿಕೊಂಡು ಮೇಲೆ ಬರುವ ಗಾಡಿಗಳು ಮಳೆಗಾಲವಿಡೀ ತೊಪ್ಪೆಯಾಗಿಯೇ ಬರುತ್ತವೆ. ಆದರೆ ಇಲ್ಲಿರುವುದು ಭತ್ತದ ಗದ್ದೆ, ಅಡಿಕೆ ತೋಟವಲ್ಲ. ರೈಲ್ವೆ ಕ್ವಾರ್ಟರ್ಸಿನ ಕಿಟಕಿಯಿಂದ ನೋಡುವಾಗ ನನ್ನ ಮಳೆಗಾಲದಲ್ಲಿ ಅಡಿಕೆಗೆ ಹೊಡೆಯುವ ಮೈಲುತುತ್ತದ ನೀಲಿಯೊಂದು ಕಡಿಮೆ ಬೀಳುತ್ತಿತ್ತು.

ಅದು ಸಿಕ್ಕಿದ್ದು ಮಳೆ ನಿಂತ ಮೇಲೆ, ದಿಂಡೋರಿ ಕಡೆಯ ಸಹೋದ್ಯೋಗಿಯ ದ್ರಾಕ್ಷಿ ತೋಟದಲ್ಲಿ. ಅಕ್ಟೋಬರ್ ಚಾಟಣಿ ಮುಗಿದ ಬೋಳು ಬಳ್ಳಿಗಳಿಗೆ ಅವನ ಅಪ್ಪ ಔಷಧಿ ಹೊಡೆಯುತ್ತಿದ್ದರು. "ಕಾಕಾ, ಬೋರ್ಡೋನಾ?" ಅಂದೆ. ಮದರಾಸಿಗೆ ಇದೆಲ್ಲ ಹೇಗೆ ಗೊತ್ತು ಎಂದು ಅವರಿಗೆ ಆಶ್ಚರ್ಯ. ಅವರ ಲೆಕ್ಕದಲ್ಲಿ ಪುಣೆ ದಾಟಿದವರೆಲ್ಲ ಮದರಾಸಿಗಳೇ.

ತುತ್ತ, ಸುಣ್ಣ ಕೂಡಿಸಿದ ಈ ಬೋರ್ಡೋ ದ್ರಾವಣ ಹುಟ್ಟಿದ್ದೇ ದ್ರಾಕ್ಷಿಗೆ, ಅದೂ ಕಳ್ಳರ ದೆಸೆಯಿಂದ. ಫ್ರಾನ್ಸಿನ ಮೆಡಾಕ್‌ನಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳ ಎಲೆ ಮಾತ್ರ ರೋಗಕ್ಕೆ ಉದುರದೆ ನಿಂತದ್ದನ್ನು 1882ರಲ್ಲಿ ಗಮನಿಸಿದವರು ಬೋರ್ಡೋ ವಿಶ್ವವಿದ್ಯಾಲಯದ ಮಿಲಾರ್ಡೆ. 1885ರಲ್ಲಿ ಅದನ್ನು ಪ್ರಕಟಿಸಿದರು. ನಮ್ಮ ಅಡಿಕೆಗೆ ಅದನ್ನು ತಂದವರು ಲೆಸ್ಲಿ ಕೋಲ್ಮನ್. ಕೆನಡಾದ ಈ ಮನುಷ್ಯ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು, ಕೊಳೆರೋಗದ ಬೆನ್ನು ಹತ್ತಿದರು. ಅಲ್ಲಿಯವರೆಗೆ ಒಂದೊಂದು ಅಡಿಕೆ ಕೊನೆಗೂ (ಗೊನೆಗೂ) ಮಳೆ ತಾಗದಂತೆ ಕೊಟ್ಟೆ ಕಟ್ಟುವುದೊಂದೇ ಉಪಾಯವಾಗಿತ್ತು. ಅಡಿಕೆ ಸೀಮೆಯಲ್ಲಿ ಇವರಿಗೆ ಒಂದು ಪ್ರತಿಮೆಯಾದರೂ ಬೇಕಿತ್ತು ಎಂಬುದು ನನ್ನ ಹಳೆಯ ತಕರಾರು.

ನಮ್ಮಜ್ಜ ಔಷಧಿ ಕೂಡಿಸುವುದು ಪೂಜೆಯಷ್ಟೇ ಶಿಸ್ತಿನ ಕೆಲಸ. ಒಂದು ಕೆಜಿ ತುತ್ತ ಐವತ್ತು ಲೀಟರ್ ನೀರಿಗೆ, ಒಂದು ಕೆಜಿ ಸುಣ್ಣ ಇನ್ನೊಂದು ಐವತ್ತಕ್ಕೆ. ತುತ್ತದ ನೀರನ್ನು ಸುಣ್ಣದ ತಿಳಿಗೆ ನಿಧಾನ ಸುರಿಯಬೇಕು, ಗಡಿಬಿಡಿ ಕೂಡದು. ಕಬ್ಬಿಣದ ಪಾತ್ರೆ ಮುಟ್ಟುವ ಹಾಗಿಲ್ಲ, ತುತ್ತ ಅದನ್ನು ತಿನ್ನುತ್ತದೆ. ಕೊನೆಗೆ ಉಜ್ಜಿ ಹೊಳೆಸಿದ ಕತ್ತಿಯನ್ನು ಅದ್ದಿ ಬೆಳಕಿಗೆ ಹಿಡಿಯುತ್ತಿದ್ದರು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ, "ಸುಣ್ಣ ಸಾಲ ತಮಾ, ಇನ್ನೊಂಚೂರು ಹಾಕು." ಹಾಕದೆ ಹೊಡೆದರೆ ಕಾಯಿಯೇ ಸುಡುತ್ತದೆ. ಸರಿಯಾಗಿ ಕೂಡಿದ್ದು ತೆಳು ಪದರವಾಗಿ ಅಡಿಕೆ ಕೊನೆಗೆ ಅಂಟಿ, ಸ್ವಲ್ಪಸ್ವಲ್ಪವೇ ತಾಮ್ರ ಬಿಡುತ್ತ ರೋಗದ ಬೀಜಕಣಗಳನ್ನು ಮೊಳೆಯಗೊಡುವುದಿಲ್ಲ. ರೋಗ ಹೊಕ್ಕಮೇಲೆ ಹೊಡೆದು ಪ್ರಯೋಜನವಿಲ್ಲ.

ಇಷ್ಟು ಶಿಸ್ತಿನ ಅಜ್ಜ ಕಲಕುತ್ತಿದ್ದದ್ದು ಬರಿಗೈಯಲ್ಲಿ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಅದೇ ನೀಲಿ ಹಿಡಿದ ಅಂಗಿ, ಮುಖದ ಮೇಲೆ ತೊಟ್ಟಿಕ್ಕುವ ಔಷಧಿ. ಸುಣ್ಣದ ಜೊತೆ ಬದುಕಿದ್ದಕ್ಕೋ ಏನೋ, ತುತ್ತ ವಿಷ ಅಂತ ನಮ್ಮಲ್ಲಿ ಯಾರಿಗೂ ಅನಿಸುವುದಿಲ್ಲ. ವಿಷ ಕುಡಿದವರಿಗೆ ವಾಂತಿ ಮಾಡಿಸಲು ಒಂದು ಕಾಲಕ್ಕೆ ವೈದ್ಯರೇ ತುತ್ತ ಕೊಡುತ್ತಿದ್ದರು, ಅದೂ ವಿಷವೇ ಎಂದು ಆಮೇಲೆ ಬಿಟ್ಟರು. ಹೊಟ್ಟೆಗೆ ಹೋದರೆ ಕರುಳು ಸುಟ್ಟು, ಕೆಂಪು ರಕ್ತಕಣ ಒಡೆದು, ಯಕೃತ್ತು, ಮೂತ್ರಪಿಂಡ ಕೆಡುತ್ತವೆ. ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ. ವರ್ಷಗಟ್ಟಲೆ ಬೋರ್ಡೋ ಹೊಡೆದವರ ಶ್ವಾಸಕೋಶದ ಕಾಯಿಲೆಯನ್ನು ಪೋರ್ಚುಗಲ್‌ನ ವೈದ್ಯರು 1969ರಲ್ಲೇ ಗುರುತಿಸಿದ್ದರು. ಹಳ್ಳದ ಮೀನಿಗಂತೂ ಸ್ವಲ್ಪ ಸೇರಿದರೂ ಸಾಕು.

ಮಣ್ಣಿನ ಕತೆ ಇನ್ನೊಂದು. ತಾಮ್ರ ಕೊಳೆಯುವುದಿಲ್ಲ, ಹಾಕಿದ್ದು ಅಲ್ಲೇ ಕೂರುತ್ತದೆ. ಸಾವಯವ ಕೃಷಿಯಲ್ಲೂ ಇದಕ್ಕೆ ಅನುಮತಿಯಿದೆ, ಆದರೆ ಯುರೋಪಿನವರು 7 ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ತಾಮ್ರ ಎಂದು ಗೆರೆ ಎಳೆದಿದ್ದಾರೆ.

ತುತ್ತವಿಲ್ಲದೆ ತೋಟ ಉಳಿಯದು, ಒಪ್ಪಿದೆ. ಆದರೆ ಜೂನ್‌ನಲ್ಲಿ ಔಷಧಿ ಹೊಡೆಸುವವರು ಮೈಲುತುತ್ತದ ಚೀಟಿಯಲ್ಲೇ ಕನ್ನಡಕ, ಕೈಗವಸು, ಮುಖಗವಸನ್ನೂ ಬರೆದುಕೊಳ್ಳಿ. ಉಳಿದ ತುತ್ತ ಅಡುಗೆಮನೆಯ ಡಬ್ಬಿಗೆ ಬೇಡ, ಕ್ಯಾನು ಹಳ್ಳದಲ್ಲಿ ತೊಳೆಯುವುದೂ ಬೇಡ.