ಅಕ್ಕನ ರಜೆ, ನನ್ನ ಮೆಸ್ ದುಡ್ಡು

ಪ್ರತಿ ತಿಂಗಳು 2ನೇ ತಾರೀಕು ಅಕ್ಕನಿಂದ 3,000 ರೂಪಾಯಿ ಬರುತ್ತೆ. ನನ್ನ ಮೆಸ್ ಬಿಲ್‌ಗೆ. ಹೋದ ಸೆಮಿಸ್ಟರ್‌ನಲ್ಲಿ ಒಂದು ತಿಂಗಳು ಬರಲಿಲ್ಲ. ನಾಲ್ಕು ದಿನ ನೋಡಿ, "ಅಕ್ಕಾ, ಮರೆತುಬಿಟ್ಯಾ?" ಅಂತ ಮೆಸೇಜ್ ಹಾಕಿದೆ, ಜೊತೆಗೆ ಒಂದು ನಗುವ ಇಮೋಜಿ ಬೇರೆ. ಅವಳು ಫೋನ್ ಮಾಡಿ, "ಇಲ್ಲ ಕಣೋ, ಈ ತಿಂಗಳು ನನಗೇ ಸಂಬಳ ಬಂದಿಲ್ಲ" ಅಂದಳು. ಆ ಇಮೋಜಿ ನೆನಪಾದರೆ ಇವತ್ತಿಗೂ ನಾಚಿಕೆ ಆಗುತ್ತೆ.

ಅಕ್ಕ ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾಳೆ. ಎಂಟನೇ ತಿಂಗಳಲ್ಲಿ ಮೆಟರ್ನಿಟಿ ಲೀವ್ ಹಾಕಿ ತುಮಕೂರಿಗೆ, ನಮ್ಮ ಮನೆಗೆ ಬಂದಿದ್ದಳು. ನಾನು ಫ್ರೆಂಡ್ಸ್ ಹತ್ತಿರ, "ಆರು ತಿಂಗಳು ಫುಲ್ ಸಂಬಳ, ಆರಾಮಾಗಿ ಮನೇಲಿರ್ತಾಳೆ, ಲಕ್ಕಿ" ಅಂತ ಹೇಳಿದ್ದೆ ಕೂಡ. ಆದರೆ ಎಚ್‌ಆರ್‌ನವರು ಅವಳಿಗೆ ಹೇಳಿದ್ದು ಬೇರೆ: "ನೀವು ವಾಪಸ್ ಜಾಯಿನ್ ಆದ ಮೇಲೆ ಎಲ್ಲಾ ಒಟ್ಟಿಗೆ ಅರಿಯರ್ಸ್ ಆಗಿ ಕೊಡ್ತೀವಿ." ಅಂದರೆ ಆರು ತಿಂಗಳು ಕೈಯಲ್ಲಿ ಒಂದು ರೂಪಾಯಿ ಇಲ್ಲ. ಭಾವನ ಸಂಬಳದ ಅರ್ಧ ಮನೆ ಸಾಲದ ಕಂತಿಗೆ ಹೋಗುತ್ತೆ. ಆಸ್ಪತ್ರೆ ಖರ್ಚು ಕಾಯುತ್ತಾ?

ಆ ವೀಕೆಂಡ್ ಊರಿಗೆ ಹೋದೆ. ಇಂಟರ್ನಲ್ಸ್‌ಗೆ ಓದಬೇಕಿದ್ದವನು 1961ರ ಹೆರಿಗೆ ಸೌಲಭ್ಯ ಕಾಯ್ದೆ ಓದಿದೆ. ನಿಜ ಹೇಳ್ತೀನಿ, ನೆಟ್‌ವರ್ಕ್ ಅನಾಲಿಸಿಸ್‌ಗಿಂತ ಸುಲಭ ಇತ್ತು.

ಹೆರಿಗೆ ದಿನಾಂಕಕ್ಕೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು, ಹಕ್ಕು ಬರುತ್ತೆ. ಮೊದಲು 12 ವಾರ ಇದ್ದಿದ್ದು 2017ರ ತಿದ್ದುಪಡಿಯಲ್ಲಿ 26 ವಾರ ಆಯ್ತು. ಅದರಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ತಗೋಬಹುದು. ಈಗಾಗಲೇ ಎರಡು ಮಕ್ಕಳಿದ್ದರೆ 12 ವಾರ ಮಾತ್ರ. ರಜೆಗೆ ಹೋಗುವ ಮುಂಚಿನ ಮೂರು ತಿಂಗಳ ಸರಾಸರಿ ದಿನಗೂಲಿಯ ಮೇಲೆ ದುಡ್ಡು ಲೆಕ್ಕ ಹಾಕ್ತಾರೆ.

ನಮಗೆ ಬೇಕಾಗಿದ್ದು "ಯಾವಾಗ" ಅನ್ನೋದು. ಅದೂ ಅಲ್ಲೇ ಇತ್ತು. ಗರ್ಭಿಣಿ ಅನ್ನೋದಕ್ಕೆ ಪುರಾವೆ ಕೊಟ್ಟರೆ ಹೆರಿಗೆಗೆ ಮುಂಚಿನ ಅವಧಿಯ ಹಣವನ್ನ ಮುಂಗಡವಾಗಿ ಕೊಡಬೇಕು. ಹೆರಿಗೆ ಆದ ಪುರಾವೆ ಕೊಟ್ಟ 48 ಗಂಟೆಯೊಳಗೆ ಉಳಿದ ಹಣ ಕೊಡಬೇಕು. ವಾಪಸ್ ಬಂದ ಮೇಲೆ ಅನ್ನೋ ಮಾತು ಎಲ್ಲೂ ಇಲ್ಲ. (ಈಗ ಈ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. 80 ದಿನ, 26 ವಾರ, 48 ಗಂಟೆ ಅದರಲ್ಲೂ ಹಾಗೇ ಇವೆ.)

ಅಕ್ಕನೂ ನಾನೂ ಊಟದ ಟೇಬಲ್ ಮೇಲೆ ಲೆಕ್ಕ ಹಾಕಿದ್ವಿ. ಅವಳಿಗೆ ದಿನಕ್ಕೆ ಸುಮಾರು 1,200 ರೂಪಾಯಿ. ನಾನು ವಾರಕ್ಕೆ ಆರು ದಿನ ಅಂತ ಗುಣಿಸಿದೆ. ಅವಳು ತಡೆದಳು, "ಭಾನುವಾರ ಏನು ಮಗು ಹೊಟ್ಟೆಯಿಂದ ಇಳಿದು ಹೋಗುತ್ತೇನೋ?" ಹುಡುಕಿದರೆ ಅವಳು ಹೇಳಿದ್ದೇ ಸರಿ. ಕೊಯಮತ್ತೂರು ಕಡೆಯ ಒಂದು ಎಸ್ಟೇಟ್‌ನ ಕಾರ್ಮಿಕ ಮಹಿಳೆಗೆ 12 ವಾರಕ್ಕೆ 84 ದಿನದ ಬದಲು 72 ದಿನದ ದುಡ್ಡು ಕೊಟ್ಟಿದ್ದರಂತೆ. 1977ರಲ್ಲಿ ಸುಪ್ರೀಂ ಕೋರ್ಟ್, ವಾರ ಅಂದರೆ ಏಳು ದಿನ, ಭಾನುವಾರವೂ ಸೇರಬೇಕು ಅಂತ ತೀರ್ಪು ಕೊಟ್ಟಿದೆ. ಹಾಗಾಗಿ 182 ದಿನ, 2,18,400 ರೂಪಾಯಿ. ನನ್ನ ಲೆಕ್ಕದಲ್ಲಿ ಅಕ್ಕನಿಗೆ 31,200 ನಷ್ಟ ಆಗ್ತಿತ್ತು.

ಇದನ್ನೆಲ್ಲ ಕೇಳುತ್ತಾ ಸೊಪ್ಪು ಬಿಡಿಸುತ್ತಿದ್ದ ಅಮ್ಮ, "ನೀನು ಹೊಟ್ಟೇಲಿದ್ದಾಗ ನಾನು ಬಟ್ಟೆ ಅಂಗಡೀಲಿ ಬಿಲ್ಲಿಂಗ್ ಮಾಡ್ತಿದ್ದೆ. ಹೆರಿಗೆ ಆದ್ಮೇಲೆ ನೋಡೋಣ ಬಾಮ್ಮ ಅಂದ್ರು. ಆಮೇಲೆ ಹೋದ್ರೆ ಬೇರೆ ಹುಡುಗಿ ಕೂತಿದ್ಲು" ಅಂದರು. ಅಮ್ಮ ಅಲ್ಲಿ ಕೆಲಸ ಮಾಡ್ತಿದ್ದಿದ್ದೇ ನನಗೆ ಗೊತ್ತಿರಲಿಲ್ಲ. ನಾನು ಜೋಶ್‌ನಲ್ಲಿ, "ರಜೇಲಿದ್ದಾಗ ಕೆಲಸದಿಂದ ತೆಗೆಯೋ ಹಾಗಿಲ್ಲಮ್ಮ, ಕಾನೂನಿದೆ" ಅಂದೆ. "ಅಂಗಡೀಲಿ ಎಷ್ಟು ಜನ ಇದ್ರು?" ಅಂತ ಅಕ್ಕ ಕೇಳಿದಳು. ಆರು. ಅಂಗಡಿಗಳಿಗೆ ಕಾಯ್ದೆ ಶುರುವಾಗೋದು ಹತ್ತು ಜನರಿಂದ. ನಾನು ಸುಮ್ಮನಾದೆ. ಅಮ್ಮ ಸೊಪ್ಪು ತಗೊಂಡು ಒಳಗೆ ಹೋದರು.

ಸೋಮವಾರ ಅಕ್ಕನೇ ಮೇಲ್ ಬರೆದಳು. ನಾನು ಬರೆದುಕೊಟ್ಟಿದ್ದ ಡ್ರಾಫ್ಟ್‌ನಲ್ಲಿ "ಲೀಗಲ್ ಆಕ್ಷನ್" ಅಂತೆಲ್ಲ ಇತ್ತು. ಅವಳು ಅದನ್ನ ಅಳಿಸಿ, "ನಾನು ಅಲ್ಲಿಗೇ ವಾಪಸ್ ಹೋಗಬೇಕು ಕಣೋ" ಅಂದಳು. ಸೆಕ್ಷನ್ ನಂಬರ್, ಡಾಕ್ಟರ್ ಸರ್ಟಿಫಿಕೇಟ್, ರಜೆ ಶುರುವಾದ ತಾರೀಕು, ಅಷ್ಟೇ. ಒಂಬತ್ತು ದಿನ ಆದಮೇಲೆ ಆರು ವಾರದ ದುಡ್ಡು, 50,400, ಬಂತು. ಮಗು ಹುಟ್ಟಿದ ಮೂರನೇ ದಿನ ಆಸ್ಪತ್ರೆ ಮಂಚದ ಮೇಲೆ ಕೂತೇ ಹೆರಿಗೆ ಸರ್ಟಿಫಿಕೇಟ್ ಫೋಟೋ ತೆಗೆದು ಕಳಿಸಿದಳು. ಉಳಿದ ದುಡ್ಡು 48 ಗಂಟೆಯಲ್ಲಿ ಬರಲಿಲ್ಲ, ಆರನೇ ದಿನ ಬಂತು. ಆದರೂ ಬಂತು.

ಹಾಸ್ಟೆಲ್‌ಗೆ ವಾಪಸ್ ಬಂದು, ದೊಡ್ಡ ಜ್ಞಾನಿ ಥರ, ನಮ್ಮ ಫ್ಲೋರ್ ಕ್ಲೀನ್ ಮಾಡೋ ಅಕ್ಕನ ಹತ್ತಿರ ಇದನ್ನ ಹೇಳೋಕೆ ಹೋದೆ. ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ತಿಂಗಳಿಗೆ 21,000ದವರೆಗೆ ಸಂಬಳ ಇರೋರು ಇಎಸ್‌ಐಗೆ ಬರ್ತಾರೆ. ಸಂಬಳದಿಂದ ಶೇ. 0.75 ಹಿಡಿಯುತ್ತಾರೆ, ಮಾಲೀಕರು ಶೇ. 3.25 ಹಾಕಬೇಕು. ಹೆರಿಗೆ ದುಡ್ಡನ್ನ ಕಂಪನಿ ಬದಲು ಇಎಸ್‌ಐ ನಿಗಮವೇ ಕೊಡುತ್ತೆ. "ಎರಡನೇ ಮಗಳಿಗೆ ಸಿಕ್ತಪ್ಪ. ಮೊದಲನೇ ಸಲ ಕಂಟ್ರಾಕ್ಟರ್ ಹಿಡ್ಕೊಂಡಿದ್ದ, ಕಟ್ಟಿರ್ಲಿಲ್ಲ" ಅಂದರು. ಅವರು ಈಗ ಪ್ರತಿ ತಿಂಗಳು ಮಗಳ ಕೈಲಿ ಮೊಬೈಲ್‌ನಲ್ಲಿ ಚೆಕ್ ಮಾಡಿಸ್ತಾರಂತೆ.

ಇನ್ನೆರಡು ವರ್ಷದಲ್ಲಿ ನಮ್ಮ ಕೈಗೆ ಆಫರ್ ಲೆಟರ್ ಬರುತ್ತೆ. ನಾವೆಲ್ಲ ಸಿಟಿಸಿ ಎಷ್ಟು ಅಂತ ಮಾತ್ರ ನೋಡ್ತೀವಿ. ಹುಡುಗಿಯರು ರಜೆಯ ಪುಟವನ್ನೂ ಓದಿ. ಹುಡುಗರೂ ಓದಿ, ನಾಳೆ ನಿಮ್ಮ ಟೀಮ್‌ನಲ್ಲಿ ಯಾರೋ ರಜೆ ಕೇಳಿದಾಗ "ಲಕ್ಕಿ" ಅನ್ನೋ ಮುಂಚೆ.

ಮುಂದಿನ ತಿಂಗಳು 2ನೇ ತಾರೀಕು ಅಕ್ಕನಿಂದ ದುಡ್ಡು ಬಂತು. ಜೊತೆಗೆ ಮಗುವಿನ ಫೋಟೋ, ಕೆಳಗೆ ಒಂದೇ ಸಾಲು: "ಮರೆತಿಲ್ಲ ಕಣೋ."