ಮರಳುವ ಮುನ್ನ ಮೂರು ದಿನ

ಪ್ರವಾಸದ ಕೊನೆಯ ದಿನಗಳು ಪ್ರವಾಸಕ್ಕೆ ಸೇರಿದವೋ ಮನೆಗೆ ಸೇರಿದವೋ ಹೇಳುವುದು ಕಷ್ಟ. ಹದಿನೈದು ದಿನಗಳಲ್ಲಿ ಆರು ದೇಶ ಸುತ್ತುವ ಯೂರೋಪ್ ಪ್ರವಾಸಕ್ಕೆ ಹೊರಟ ನಮ್ಮ ದಂಪತಿಗಳನ್ನೇ ನೋಡಿ. ಮೊದಲ ವಾರ ಪ್ಯಾರಿಸಿನ ಗೋಪುರ, ಸ್ವಿಟ್ಜರ್ಲೆಂಡಿನ ಹಿಮ ಎಂದು ಕಣ್ಣರಳಿಸಿ ನೋಡಿದವರು ಕೊನೆಯ ಎರಡು ದಿನ ಸೂಟ್‌ಕೇಸು ತೂಗುತ್ತಾ ಕೂರುತ್ತಾರೆ. ಯಾರಿಗೆ ಎಷ್ಟು ಚಾಕೊಲೇಟು, ನಾದಿನಿಗೆ ಯಾವ ಬ್ಯಾಗು, ಉಳಿದ ಚಿಲ್ಲರೆ ಯೂರೋ ಏನು ಮಾಡುವುದು ಎಂಬುದೇ ಮಾತು. ದೇಹ ರೋಮ್‌ನಲ್ಲಿದ್ದರೂ ಮನಸ್ಸು ಆಗಲೇ ವಿಮಾನ ಇಳಿದು ಹಾಲಿನವನಿಗೆ ಫೋನು ಮಾಡುತ್ತಿರುತ್ತದೆ!

ಅತ್ತಣಿಂದ ಇತ್ತ ಬರುವವರ ಕಥೆಯೂ ಬೇರೆಯಲ್ಲ. ಗೋವೆಯ ಕಡಲು, ಬಾದಾಮಿಯ ಗುಹೆ, ಹಂಪಿಯ ಬಂಡೆಗಳನ್ನು ನೋಡಿದ ಯೂರೋಪಿನ ಜೋಡಿಗಳು ರಜೆಯ ಕೊನೆಯ ಎರಡು–ಮೂರು ದಿನ ಇನ್ನೇನು ಎಂದು ಯೋಚಿಸುತ್ತವೆ. ಬಹಳ ಮಂದಿ ಹೊಸಪೇಟೆಯಲ್ಲಿ ರಾತ್ರಿ ಬಸ್ಸನ್ನೋ ರೈಲನ್ನೋ ಹಿಡಿದು ದೊಡ್ಡ ಊರು ಸೇರಿಕೊಳ್ಳುತ್ತಾರೆ. ಅಲ್ಲಿಂದ ಒಂದು ಹಗಲಿನ ದಾರಿಯೂ ಅಲ್ಲದ ರಾಯಚೂರಿನ ಕಡೆಗೆ ತಿರುಗುವವರು ತೀರಾ ಅಪರೂಪ.

ದಾಟಿ ಹೋಗುವ ಊರು ಎಂಬ ಹಣೆಪಟ್ಟಿ ರಾಯಚೂರಿಗೆ ಹೊಸದಲ್ಲ. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯ ಹಳಿಯೂ 1871ರಲ್ಲಿ ಸಂಧಿಸಿದ್ದು ಇಲ್ಲಿಯೇ. ಅಂದಿನಿಂದ ಲಕ್ಷಾಂತರ ಮಂದಿ ನಿದ್ದೆಗಣ್ಣಿನಲ್ಲಿ ಕಿಟಕಿಯಾಚೆ ‘ರಾಯಚೂರು’ ಎಂಬ ಫಲಕ ಓದಿ ಮತ್ತೆ ಮಗ್ಗುಲು ಬದಲಿಸಿದ್ದಾರೆ. ಇಳಿದವರು ಮಂತ್ರಾಲಯಕ್ಕೆ ಬಸ್ಸು ಹತ್ತಿದ್ದಾರೆ.

ಆದರೆ ಈ ನಾಡನ್ನೇ ಹುಡುಕಿಕೊಂಡು ಬಂದ ಯೂರೋಪಿನ ದಂಪತಿಯೊಂದಿದೆ. ಅವರು ರೇಮಂಡ್ ಆಲ್‌ಚಿನ್ ಮತ್ತು ಬ್ರಿಜೆಟ್ ಆಲ್‌ಚಿನ್. 1951ರಲ್ಲಿ ಮದುವೆಯಾದ ಈ ಇಂಗ್ಲಿಷ್ ಜೋಡಿ ಅದೇ ವರ್ಷ ಆಫ್ಘಾನಿಸ್ತಾನದ ದಾರಿಯಾಗಿ ಭಾರತಕ್ಕೆ ಬಂತು. ಆ ಪಯಣದ ನೆನಪುಗಳನ್ನು ಅವರು ಮುಂದೆ ಪುಸ್ತಕವಾಗಿಸಿದರು. ಆಕ್ಸಸ್ ನದಿಯಿಂದ ಮೈಸೂರಿನವರೆಗೆ ಎಂಬ ಅರ್ಥದ ಹೆಸರಿನ ಆ ಪುಸ್ತಕ ಹೊರಬಂದದ್ದು 2012ರಲ್ಲಿ. ಅಷ್ಟರಲ್ಲಿ ರೇಮಂಡ್ ತೀರಿಕೊಂಡು ಎರಡು ವರ್ಷವಾಗಿತ್ತು. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಅಂದಿನ ರಾಯಚೂರು ಜಿಲ್ಲೆಯ ಪ್ರಾಚೀನ ಸಂಸ್ಕೃತಿಗಳೇ ಅವರ ಡಾಕ್ಟರೇಟ್ ಪ್ರಬಂಧದ ವಿಷಯ. ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ 1952ರಲ್ಲಿ ಅವರು ಅಗೆತ ನಡೆಸಿದರು. ಬೇರೆಯವರಿಗೆ ಬರಿಯ ಬಂಡೆ, ಬಿಸಿಲು, ಜಾಲಿಗಿಡ ಕಂಡ ಕಡೆ ಅವರಿಗೆ ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳು ಕಂಡರು.

ರಜೆ ಮುಗಿಯಲು ಮೂರೇ ದಿನ ಉಳಿದಿರುವ ದಂಪತಿಗೆ, ಅವರು ಯೂರೋಪಿನವರಿರಲಿ ಬೆಂಗಳೂರಿನವರಿರಲಿ, ಕೃಷ್ಣಾ–ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡು ಏನು ಕೊಟ್ಟೀತು?

ಮೊದಲ ದಿನ: ರಾಯಚೂರು

ರಾಯಚೂರಿನ ದಿನ ಬೇಗ ಆರಂಭವಾಗಬೇಕು. ನವೆಂಬರಿನಿಂದ ಫೆಬ್ರುವರಿಯವರೆಗೆ ಇಲ್ಲಿನ ಹವೆ ಹಿತ. ಏಪ್ರಿಲ್–ಮೇ ತಿಂಗಳಲ್ಲಿ ಬಂದವರು ಊರನ್ನಲ್ಲ, ಬಿಸಿಲನ್ನಷ್ಟೇ ನೋಡಿ ಹೋಗುತ್ತಾರೆ. ಬೆಳಿಗ್ಗೆ ಸಣ್ಣ ಹೋಟೆಲಿನಲ್ಲಿ ಮಂಡಾಳ ಒಗ್ಗರಣೆ, ಜೊತೆಗೆ ಎರಡು ಬಿಸಿ ಮಿರ್ಚಿ, ಮೇಲೊಂದು ಚಹಾ. ಅಷ್ಟಾದರೆ ಕೋಟೆಯ ಗುಡ್ಡ ಹತ್ತಲು ಬೇಕಾದ ಬಲ ಬರುತ್ತದೆ.

ಕೋಟೆ ಕಟ್ಟಿದ್ದು 1294ರಲ್ಲಿ, ಕಾಕತೀಯರ ಕಾಲದಲ್ಲಿ. ಹಾಗೆಂದು ಹೇಳುವ ತೆಲುಗು ಶಾಸನ ಕೋಟೆಗೋಡೆಯ ಕಲ್ಲಿನ ಮೇಲೇ ಇದೆ. ಆ ಒಂದು ಕಲ್ಲಿನ ಉದ್ದ 41 ಅಡಿಗೂ ಹೆಚ್ಚು! ಇಷ್ಟು ದೊಡ್ಡ ಕಲ್ಲನ್ನು ಹೇಗೆ ತಂದರು ಎಂದು ಬೆರಗಾಗುವವರಿಗೆ ಉತ್ತರವೂ ಅಲ್ಲಿಯೇ ಸಿಗುತ್ತದೆ. ಸಾಲುಸಾಲು ಕೋಣಗಳನ್ನು ಹೂಡಿದ ಬಂಡಿಯ ಮೇಲೆ ಕಲ್ಲನ್ನು ಎಳೆದು ತರುವ ದೃಶ್ಯವನ್ನು ಗೀರಿ ತೋರಿಸಲಾಗಿದೆ. ಶಾಸನದಲ್ಲಿ ರಾಜರ, ಸೇನಾನಿಗಳ ಹೆಸರಿದೆ. ಬಂಡಿ ಎಳೆದ ಕೋಣಗಳ, ಹೊಡೆದ ಜನರ ಪಾಲಿಗೆ ಈ ಗೀರುಚಿತ್ರ ಉಳಿದಿದೆ.

ಯೂರೋಪಿನ ಅತಿಥಿಗಳಿಗೆ ಇಲ್ಲಿ ತಮ್ಮವರದೇ ಒಂದು ಕಥೆ ಸಿಗುತ್ತದೆ. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯ ಈ ಕೋಟೆಗಾಗಿ ಬಿಜಾಪುರದ ಇಸ್ಮಾಯಿಲ್ ಆದಿಲ್‌ ಷಾನ ಜೊತೆ ಕಾದಾಡಿ ಗೆದ್ದ. ಬಯಲಿನಲ್ಲಿ ಗೆದ್ದರೂ ಕೋಟೆ ಸುಲಭವಾಗಿ ಕೈವಶವಾಗಲಿಲ್ಲ. ಆಗ ಕುದುರೆ ಮಾರಲು ಬಂದಿದ್ದ ಪೋರ್ಚುಗೀಸ ಕ್ರಿಸ್ಟೋವಾವೋ ಡಿ ಫಿಗೆರೆಡೋ ತನ್ನ ಇಪ್ಪತ್ತು ಸಂಗಡಿಗರೊಂದಿಗೆ ಕೋವಿ ಹಿಡಿದು ಮುಂದೆ ಬಂದ. ಗೋಡೆಯ ಮೇಲೆ ತಲೆ ಎತ್ತಿದ ಕಾವಲುಗಾರರನ್ನು ಅವನ ಜನ ಗುಂಡಿಟ್ಟು ಬೀಳಿಸಿದರು. ಕೆಳಗೆ ರಾಯನ ಆಳುಗಳು ಗೋಡೆಯ ಕಲ್ಲು ಕಿತ್ತರು. ಏನು ನಡೆಯುತ್ತಿದೆಯೆಂದು ಬಗ್ಗಿ ನೋಡಿದ ಕೋಟೆಯ ಅಧಿಪತಿಗೂ ಹಣೆಗೆ ಗುಂಡು ತಾಗಿತು. ಅಲ್ಲಿಗೆ ಊರು ಶರಣಾಯಿತು. ಹೀಗೆಂದು ಬರೆದಿಟ್ಟವನು ಇನ್ನೊಬ್ಬ ಪೋರ್ಚುಗೀಸ, ಫೆರ್ನಾವೋ ನೂನಿಜ್. ಅವನು ಕೊಡುವ ಸೈನ್ಯದ ಲೆಕ್ಕ ಏಳು ಲಕ್ಷ ದಾಟುತ್ತದೆ. ಅದನ್ನು ಹಾಗೆಯೇ ನಂಬಬೇಕಾಗಿಲ್ಲ. ಆದರೆ ಎರಡು ನದಿಗಳ ನಡುವಿನ ಈ ಮಣ್ಣಿಗಾಗಿ ಬಹಮನಿಗಳು, ವಿಜಯನಗರದವರು, ಆದಿಲ್‌ ಷಾಹಿಗಳು ಎರಡು ಶತಮಾನ ಹೊಡೆದಾಡಿದರೆಂಬುದು ಸುಳ್ಳಲ್ಲ.

ಕೋಟೆಯಿಂದ ಇಳಿದರೆ ಊರೊಳಗೆ ಏಕ್ ಮಿನಾರ್ ಮಸೀದಿ. ಕಟ್ಟಿದ್ದು 1513ರಲ್ಲಿ. ಮಸೀದಿಗೆ ಎರಡೋ ನಾಲ್ಕೋ ಮಿನಾರುಗಳನ್ನು ನೋಡಿ ರೂಢಿಯಾದ ಕಣ್ಣಿಗೆ ಅಂಗಳದ ಮೂಲೆಯಲ್ಲಿ ಒಂಟಿಯಾಗಿ ಸುಮಾರು 65 ಅಡಿ ಎತ್ತರಕ್ಕೆ ನಿಂತ ಈ ಮಿನಾರು ವಿಶೇಷವಾಗಿ ಕಾಣುತ್ತದೆ. ಬೇಸರದ ಮಾತೆಂದರೆ, ಕೋಟೆಯ ಗೋಡೆ ಮತ್ತು ಕಂದಕದ ಎಷ್ಟೋ ಭಾಗ ಇಂದು ಮನೆ, ಅಂಗಡಿಗಳ ನಡುವೆ ಮರೆಯಾಗಿದೆ. ಹಂಪಿಗೆ ದೊರೆತ ಆರೈಕೆಯ ಹತ್ತರಲ್ಲೊಂದು ಪಾಲು ಸಿಕ್ಕಿದ್ದರೂ ಈ ಊರಿನ ಚಹರೆ ಬೇರೆಯೇ ಇರುತ್ತಿತ್ತು.

ಎರಡನೆಯ ದಿನ: ಮಾನ್ವಿ

ರಾಯಚೂರಿನಿಂದ ಮಾನ್ವಿಗೆ ಐವತ್ತು ಕಿಲೋಮೀಟರಿನ ಆಸುಪಾಸು. 1294ರ ಆ ಉದ್ದಕಲ್ಲಿನ ಶಾಸನದಲ್ಲಿ, ಗೆದ್ದ ಕೋಟೆಗಳ ಪಟ್ಟಿಯಲ್ಲಿ ‘ಮಾನುವ’ ಎಂದು ಕಾಣಿಸುವುದು ಈ ಊರೇ. ಆದರೆ ಮಾನ್ವಿಯ ಹೆಸರನ್ನು ನಾಡಿಗೆ ಹಬ್ಬಿಸಿದ್ದು ಕೋಟೆಯಲ್ಲ, ತಂಬೂರಿ.

ತಾಲ್ಲೂಕಿನ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ಪಕ್ಕದ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರು ಮಾನ್ವಿಗೆ ಬಂದಾಗ ಊಟಕ್ಕೆ ಕರೆದರೂ ಹೋಗಲಿಲ್ಲ. ಹೊಟ್ಟೆನೋವೆಂದು ನೆಪ ಹೇಳಿದರು. ನೆಪವೇ ನಿಜವಾಗಿ ಹೊಟ್ಟೆನೋವು ಹಿಡಿದುಕೊಂಡಿತು ಎನ್ನುತ್ತದೆ ದಾಸಪರಂಪರೆಯ ಕಥೆ. ಕಡೆಗೆ ವಿಜಯದಾಸರ ಮಾತಿನಂತೆ ಅವರ ಶಿಷ್ಯ ಗೋಪಾಲದಾಸರ ಬಳಿಗೆ ಹೋದರು. ಅವರು ತಮ್ಮ ಆಯುಷ್ಯದ ನಲವತ್ತು ವರ್ಷ ಧಾರೆಯೆರೆದರಂತೆ. ಪಂಡಿತ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು, ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ಬರೆದರು. ಕನ್ನಡವನ್ನು ಕೀಳೆಂದವರ ಕೈಯಿಂದಲೇ ಮಾಧ್ವ ತತ್ತ್ವಕ್ಕೆ ಕನ್ನಡದ ದೊಡ್ಡ ಗ್ರಂಥವೊಂದು ಬಂತು. 1809ರಲ್ಲಿ ಮಾನ್ವಿಯಲ್ಲೇ ಅವರು ಕಣ್ಮರೆಯಾದರು. ಅವರ ಮನೆಯ ಕಂಬವನ್ನು ಭಕ್ತರು ಇಂದಿಗೂ ಪೂಜಿಸುತ್ತಾರೆ.

ಯೂರೋಪಿನ ಅತಿಥಿಗೆ ಇದೆಲ್ಲ ಹೇಗೆ ಅರ್ಥವಾಗಬೇಕು ಎಂದು ಕೇಳಬಹುದು. ಬೂದಿ, ಮೂಳೆ, ಮಡಕೆ ಚೂರು ಹೆಕ್ಕಲು ರಾಯಚೂರಿಗೆ ಬಂದ ರೇಮಂಡ್ ಆಲ್‌ಚಿನ್ನರೇ ಮುಂದೆ ತುಲಸೀದಾಸರ ‘ಕವಿತಾವಲಿ’, ‘ವಿನಯಪತ್ರಿಕಾ’ಗಳನ್ನು 1960ರ ದಶಕದಲ್ಲಿ ಇಂಗ್ಲಿಷಿಗೆ ತಂದರು. ನೆಲ ಅಗೆಯುವವನಿಗೆ ಭಜನೆಯೂ ಕೇಳಿಸಬಹುದು. ಅದಕ್ಕೆ ಬೇಕಾದದ್ದು ಸ್ವಲ್ಪ ಹೊತ್ತು ಕೂರುವ ವ್ಯವಧಾನ.

ಚೀಕಲಪರವಿಯಲ್ಲಿ ಆ ವ್ಯವಧಾನ ತಾನಾಗಿ ಬರುತ್ತದೆ. ತುಂಗಭದ್ರೆಯ ದಂಡೆ, ಅಶ್ವತ್ಥದ ನೆರಳು, ಹೊಳೆಯಲ್ಲಿ ಬಟ್ಟೆ ಒಗೆಯುವವರ ಸದ್ದು. ಹೊಸಬರನ್ನು ಕಂಡರೆ ಯಾರಾದರೂ “ಯಾವೂರ್ರೀ ನಿಮ್ದು? ಊಟ ಆತೇನು?” ಎಂದು ಕೇಳಿಯೇ ಕೇಳುತ್ತಾರೆ. ಆತಿಲ್ಲವೆಂದರೆ ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು.

ದಾರಿಯ ಎರಡೂ ಕಡೆ ಭತ್ತದ ಗದ್ದೆಗಳು ಕಂಡರೆ ಅದು ತುಂಗಭದ್ರಾ ಎಡದಂಡೆ ಕಾಲುವೆಯ ಕೃಪೆ. ಆದರೆ ಮಾನ್ವಿ, ರಾಯಚೂರು ಈ ಕಾಲುವೆಯ ಕೊನೆಯ ಭಾಗದ ತಾಲ್ಲೂಕುಗಳು. ಮೇಲಿನವರು ಕುಡಿದು ಉಳಿಸಿದ ನೀರೇ ಇಲ್ಲಿನ ಪಾಲು. ಜಲಾಶಯದಲ್ಲಿ ಹೂಳು ತುಂಬಿದಂತೆಲ್ಲ ಆ ಪಾಲೂ ಕುಗ್ಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ಈ ಕೊನೆಭಾಗದ ಊರುಗಳಿಗೆ ನಿದ್ದೆಯಿರಲಿಲ್ಲ. ಹಸಿರು ಗದ್ದೆಯ ಫೋಟೊ ತೆಗೆಯುವವರು ಇದನ್ನೂ ತಿಳಿದಿದ್ದರೆ ಒಳ್ಳೆಯದು.

ಮೂರನೆಯ ದಿನ: ದೇವದುರ್ಗ

ಕೊನೆಯ ದಿನ ಉತ್ತರಕ್ಕೆ, ಕೃಷ್ಣೆಯ ಕಡೆಗೆ. ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವಾಗ ಸಿಗುವ ಗಬ್ಬೂರು ಸಾಮಾನ್ಯ ಹಳ್ಳಿಯಂತೆ ಕಂಡರೂ ಒಳಹೊಕ್ಕರೆ ಚಾಲುಕ್ಯರ ಕಾಲದ ನೆನಪು ಹೊತ್ತ ದೇಗುಲಗಳು, ಶಾಸನದ ಕಲ್ಲುಗಳು ಒಂದರ ಹಿಂದೊಂದು ಎದುರಾಗುತ್ತವೆ. ಕೆಲವಕ್ಕೆ ಪೂಜೆಯಿದೆ, ಕೆಲವು ಮನೆಗಳ ಮಗ್ಗುಲಲ್ಲಿ ಸುಮ್ಮನೆ ನಿಂತಿವೆ.

ದೇವದುರ್ಗ ಬೇಡ ನಾಯಕರ ಕೋಟೆಯೂರು. ತಾಲ್ಲೂಕಿನ ಮೊಸರಕಲ್ಲು ಗೋಪಾಲದಾಸರು ಹುಟ್ಟಿದ ಹಳ್ಳಿ. ಕೃಷ್ಣೆಯ ದಡದ ಕೊಪ್ಪರದಲ್ಲಿ ನರಸಿಂಹನಿಗೆ ಅಶ್ವತ್ಥ ಮರದಲ್ಲೇ ಪೂಜೆ. ಹೀಗೆ ಹೊಳೆ, ಮರ, ಕಲ್ಲು ಇಲ್ಲಿ ದೇವರಿಗಿಂತ ದೂರವಾಗಿಲ್ಲ.

ದೇವದುರ್ಗದಲ್ಲಿ ತಪ್ಪದೆ ನೋಡಬೇಕಾದ ಇನ್ನೊಂದು ಜಾಗ ಬಸ್ ನಿಲ್ದಾಣ. ಅದು ಯಾವ ಪ್ರವಾಸಿ ಕೈಪಿಡಿಯಲ್ಲೂ ಇಲ್ಲ. ಸುಗ್ಗಿ ಮುಗಿದ ಮೇಲೆ, ಇಲ್ಲವೇ ಮಳೆ ಕೈಕೊಟ್ಟ ವರ್ಷ ಸಂಜೆಯ ಹೊತ್ತಿಗೆ ಅಲ್ಲಿ ಜನ ಸೇರುತ್ತಾರೆ. ರೊಟ್ಟಿಯ ಗಂಟು, ಪಾತ್ರೆ ತುಂಬಿದ ಚೀಲ, ಸುತ್ತಿದ ಕೌದಿ, ಕಂಕುಳಲ್ಲಿ ಮಗು. ಬೆಂಗಳೂರಿಗೋ ಪುಣೆಗೋ ಕಟ್ಟಡ ಕೆಲಸಕ್ಕೆ ಹೊರಟ ಗಂಡ–ಹೆಂಡಿರು ಅವರು. ಇದಕ್ಕೆ ಇಲ್ಲಿ ‘ಗುಳೆ’ ಎನ್ನುತ್ತಾರೆ. ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ತಾಲ್ಲೂಕಿನ ಹಲವು ಹೊಲಗಳಿಗೆ ನೀರು ಬಂದಿದೆ. ನೀರು ಬಾರದ ಹೊಲದವರಿಗೆ, ಹೊಲವೇ ಇಲ್ಲದವರಿಗೆ ರಾತ್ರಿಯ ಬಸ್ಸೇ ಗತಿ. ಹಿಂದೆ ಉಳಿದ ಮುದುಕರು ಮೊಮ್ಮಕ್ಕಳ ಕೈಹಿಡಿದು ಬಸ್ಸು ಹೊರಡುವವರೆಗೆ ನಿಂತಿರುತ್ತಾರೆ.

ಆಲ್‌ಚಿನ್ ದಂಪತಿಯನ್ನು ಇಲ್ಲಿ ಮತ್ತೊಮ್ಮೆ ನೆನೆಯಬೇಕು. ಈ ಸೀಮೆಯ ಬೂದಿದಿಬ್ಬಗಳು ಏನೆಂಬುದು ಬಹುಕಾಲ ಒಗಟಾಗಿತ್ತು. ರಾಕ್ಷಸರನ್ನು ಸುಟ್ಟ ಬೂದಿಯೆಂಬ ಕಥೆಗಳೂ ಇದ್ದವು. ರೇಮಂಡ್ 1957ರಲ್ಲಿ, ಈಗ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು ಅಗೆದಾಗ ಬೇಲಿಯ ಗೂಟಗಳ ಕುಳಿಗಳು, ದನಗಳ ಗೊರಸಿನ ಗುರುತುಗಳು ಸಿಕ್ಕವು. ಅದು ದನದ ದೊಡ್ಡಿ. ಕೂಡಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಆದ ಬೂದಿ. ಮೇವು ಅರಸಿ ಹೊರಡುವಾಗಲೋ ಮರಳಿ ಬಂದಾಗಲೋ ದನಗಾಹಿಗಳು ಬೆಂಕಿ ಹಚ್ಚುತ್ತಿದ್ದಿರಬೇಕು, ನಮ್ಮ ಹೋಳಿ, ಸಂಕ್ರಾಂತಿಗಳ ಬೆಂಕಿಯಲ್ಲಿ ಆ ಆಚರಣೆಯ ಜಾಡು ಉಳಿದಿರಬಹುದು ಎಂದು ಅವರು 1963ರ ತಮ್ಮ ಪುಸ್ತಕದಲ್ಲಿ ಊಹಿಸಿದರು. ನಾಲ್ಕು ಸಾವಿರ ವರ್ಷಗಳ ಹಿಂದೆಯೂ ಈ ನೆಲದ ಜನ ಕಾಲ ನೋಡಿ ಹೊರಟು, ಕಾಲ ನೋಡಿ ಮರಳುತ್ತಿದ್ದರು. ಅವರು ದನಗಳ ಜೊತೆ ಹೊರಡುತ್ತಿದ್ದರು. ಇಂದಿನವರು ದನ ಮಾರಿ ಹೊರಡುತ್ತಾರೆ.

ರಾಯಚೂರು ರೈಲು ನಿಲ್ದಾಣದಲ್ಲಿ ರಾತ್ರಿ ಈ ಇಬ್ಬರೂ ಒಂದೇ ಪ್ಲಾಟ್‌ಫಾರಂನಲ್ಲಿ ಕಾಯುತ್ತಿರುತ್ತಾರೆ. ರಜೆ ಮುಗಿಸಿದ ಜೋಡಿಗೆ ಮನೆ ಸೇರುವ ಆತುರ. ಗುಳೆ ಹೊರಟ ಜೋಡಿಗೆ ಮನೆ ಬಿಟ್ಟ ಸಂಕಟ. ಬೆಂಚಿನಲ್ಲಿ ಜಾಗ ಮಾಡಿಕೊಟ್ಟು ಎರಡು ಮಾತು ಆಡಿದರೆ ಯಾವ ಮಾರ್ಗದರ್ಶಿಯೂ ಹೇಳದ ಸಂಗತಿಗಳು ತಿಳಿಯುತ್ತವೆ. ಸೂಟ್‌ಕೇಸಿನಲ್ಲಿ ಜಾಗವಿದ್ದರೆ ಒಂದು ಕಟ್ಟು ಖಡಕ್ ರೊಟ್ಟಿ, ಪೊಟ್ಟಣ ಶೇಂಗಾ ಹಿಂಡಿ ಕೊಂಡೊಯ್ಯಬಹುದು. ವಾರಗಟ್ಟಲೆ ಕೆಡುವುದಿಲ್ಲ.