ಫಾಲ್ಗುಣದ ಹಿತ್ತಲು ಮತ್ತು ಶ್ರಾವಕನ ಎಚ್ಚರ

ಗೃಹಸ್ಥನ ಬದುಕು ಆರಂಭದಿಂದ ಪೂರ್ಣವಾಗಿ ಮುಕ್ತವಾಗಲಾರದು. ಒಲೆ ಹೊತ್ತಿಸುವುದು, ನೀರು ಸೇದುವುದು, ಧಾನ್ಯ ಕುಟ್ಟುವುದು, ಅಂಗಳ ಗುಡಿಸುವುದು ಇವೆಲ್ಲವುಗಳಲ್ಲಿಯೂ ಸೂಕ್ಷ್ಮಜೀವಿಗಳಿಗೆ ಬಾಧೆ ಇದ್ದೇ ಇದೆ. ಆದುದರಿಂದಲೇ ನಮ್ಮ ಆಚಾರ್ಯರು ಶ್ರಾವಕನಿಗೆ ಅಣುವ್ರತವನ್ನು ವಿಧಿಸಿ, ಸಂಕಲ್ಪಪೂರ್ವಕವಾದ ತ್ರಸಹಿಂಸೆಯನ್ನು ತ್ಯಜಿಸುವಂತೆಯೂ, ಅನಿವಾರ್ಯವಾದ ಉಳಿದ ಕೆಲಸಗಳಲ್ಲಿ ಯತ್ನಾಚಾರದಿಂದ ನಡೆಯುವಂತೆಯೂ ಬೋಧಿಸಿದರು. ಈ ಬೋಧೆ ನಿತ್ಯವೂ ಪರೀಕ್ಷೆಗೆ ಒಳಗಾಗುವ ಸ್ಥಳ ಮನೆಯ ಹಿತ್ತಲು.

ನಮ್ಮ ವಾಸ ಕಾರವಾರದ ಸಮೀಪದ ಬಿಣಗಾದಲ್ಲಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಡಲು. ನಡುವಿನ ಕಿರಿದಾದ ನೆಲದಲ್ಲಿ ಮನೆಗಳು, ತೆಂಗು, ಮಾವು. ಮಳೆಗಾಲ ಮುಗಿದ ಮೇಲೆ ಇಲ್ಲಿ ತಿಂಗಳುಗಟ್ಟಲೆ ಹನಿ ಬೀಳುವುದಿಲ್ಲ. ಮಾಘ ಕಳೆದು ಫಾಲ್ಗುಣ ಕಾಲಿಡುವಾಗ ಮಾವು, ಗೇರು ಹೂ ತಳೆದು ನಿಂತಿರುತ್ತವೆ. ಬಾವಿಯ ನೀರು ಮೆಲ್ಲನೆ ಕೆಳಗಿಳಿಯುತ್ತದೆ. ಹಿತ್ತಲಿನ ತುಂಬ ದರಕು ಬಿದ್ದಿರುತ್ತದೆ. ಬೇಸಿಗೆಯ ಹರಿವೆ, ಬೆಂಡೆ, ಹೀರೆ, ಮೊಗೆಕಾಯಿಗಳಿಗೆ ಮಡಿ ಸಿದ್ಧಪಡಿಸುವುದು, ಬಸಳೆಯ ಚಪ್ಪರ ಸರಿಪಡಿಸುವುದು, ದಾಸವಾಳದ ಒಣ ರೆಂಬೆ ತೆಗೆಯುವುದು, ಮಲ್ಲಿಗೆ ಮತ್ತು ಅಬ್ಬಲಿಗೆಯ ಬುಡಕ್ಕೆ ಗೊಬ್ಬರ ಹಾಕುವುದು ಈ ಕಾಲದ ಕೆಲಸಗಳು. ಫಾಲ್ಗುಣ ಶುಕ್ಲ ಅಷ್ಟಮಿಯಿಂದ ಹುಣ್ಣಿಮೆಯವರೆಗಿನ ಅಷ್ಟಾಹ್ನಿಕ ಪರ್ವವೂ ಇದೇ ಸಮಯಕ್ಕೆ ಬರುತ್ತದೆ. ಹೀಗಾಗಿ ವ್ರತದ ಎಚ್ಚರ ಹೆಚ್ಚಬೇಕಾದ ದಿನಗಳೂ ಗುದ್ದಲಿ ಹಿಡಿಯುವ ದಿನಗಳೂ ಒಟ್ಟಿಗೇ ಬರುತ್ತವೆ.

ನನ್ನ ತಾಯಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಆರಂಭತ್ಯಾಗವನ್ನು ಕೈಗೊಂಡರು. ಎಂಟನೆಯ ಪ್ರತಿಮೆಯ ಶ್ರಾವಕನು ಸೇವೆ, ಕೃಷಿ, ವಾಣಿಜ್ಯ ಮೊದಲಾದ ಆರಂಭಗಳಿಂದ ವಿರಮಿಸಬೇಕೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಹೇಳುತ್ತದೆ. ಅಲ್ಲಿಯವರೆಗೆ ಹಿತ್ತಲಿನ ಒಡತಿಯಾಗಿದ್ದ ಅವರು ಅಂದಿನಿಂದ ಜಗಲಿಯಲ್ಲಿ ಕುಳಿತು ನೋಡುವವರಾದರು. ಬೇಡವೆಂದು ನಮ್ಮನ್ನು ತಡೆಯಲಿಲ್ಲ. ಆದರೆ ನಾನು ಗುದ್ದಲಿ ಎತ್ತಿದಾಗಲೆಲ್ಲ, “ಏತಕ್ಕೆ, ಮಗಾ?” ಎಂದು ಕೇಳುತ್ತಿದ್ದರು. ನಾನು ಕಾರಣ ಹೇಳಿದರೆ ಸುಮ್ಮನಾಗುತ್ತಿದ್ದರು. ಹೇಳಲು ಕಾರಣವಿಲ್ಲದಿದ್ದಾಗ ಗುದ್ದಲಿ ತಾನಾಗಿಯೇ ಕೆಳಗಿಳಿಯುತ್ತಿತ್ತು.

ಈ ಪ್ರಶ್ನೆಯ ಬೇರು ಶಾಸ್ತ್ರದಲ್ಲಿಯೇ ಇದೆ ಎಂಬುದು ನನಗೆ ಸ್ವಾಧ್ಯಾಯದಿಂದ ತಿಳಿಯಿತು. ಅನರ್ಥದಂಡವ್ರತದ ಪ್ರಸಂಗದಲ್ಲಿ ಅಮೃತಚಂದ್ರಾಚಾರ್ಯರು ತಮ್ಮ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಶ್ರಾವಕನು ನಿಷ್ಕಾರಣವಾಗಿ ಮಾಡಬಾರದ ಕೆಲವು ಕ್ರಿಯೆಗಳನ್ನು ಎಣಿಸಿದ್ದಾರೆ: ನೆಲ ಅಗೆಯುವುದು, ಮರವನ್ನು ಮುರಿಯುವುದು, ಹುಲ್ಲನ್ನು ತುಳಿಯುವುದು, ನೀರು ಚೆಲ್ಲುವುದು, ಎಲೆ-ಹಣ್ಣು-ಹೂಗಳನ್ನು ಕೀಳುವುದು. ಓದಿದವರಿಗೆ ಇದು ತೋಟಗಾರನ ದಿನಚರಿಯೆಂದೇ ತೋರೀತು. ಆಚಾರ್ಯರು ಈ ಕ್ರಿಯೆಗಳನ್ನು ಗೃಹಸ್ಥನಿಗೆ ಸರ್ವಥಾ ನಿಷೇಧಿಸಿಲ್ಲ, ನಿಷ್ಕಾರಣವಾದುದನ್ನು ನಿಷೇಧಿಸಿದ್ದಾರೆ. ಭಗವಾನ್ ಋಷಭದೇವರು ಪ್ರಜೆಗಳಿಗೆ ಅಸಿ, ಮಸಿಗಳೊಡನೆ ಕೃಷಿಯನ್ನೂ ಕಲಿಸಿದರೆಂಬುದು ನಮ್ಮ ಪುರಾಣಪರಂಪರೆ. ಆದುದರಿಂದ ಬಿತ್ತುವುದು ಪಾಪವೇ ಎಂದು ಕೇಳುತ್ತ ಕುಳಿತುಕೊಳ್ಳುವುದಕ್ಕಿಂತ, ಬಿತ್ತುವಾಗ ಎಷ್ಟು ಹಿಂಸೆ ಕಾರಣವಿಲ್ಲದೆ ನಡೆಯುತ್ತಿದೆ ಎಂದು ನೋಡಿಕೊಳ್ಳುವುದು ಲೇಸು.

ಮೊದಲು ಅಗೆತವನ್ನೇ ತೆಗೆದುಕೊಳ್ಳೋಣ. ಬಿಸಿಲೇರುವ ಮುನ್ನ ಇಡೀ ಹಿತ್ತಲನ್ನು ಮಗುಚಿ ಹಾಕುವುದು ಅನೇಕರ ರೂಢಿ. ಮೊಗೆಕಾಯಿ, ಹೀರೆಗಳಿಗೆ ಅಷ್ಟು ಬೇಕಾಗಿಲ್ಲ; ಅಲ್ಲಲ್ಲಿ ಒಂದೊಂದು ಗುಣಿ ಸಾಕು. ಹರಿವೆಗೂ ಮೇಲುಮಣ್ಣನ್ನು ಸಡಿಲಿಸಿದರೆ ಆಯಿತು. ಚೆನ್ನಾಗಿ ಕಳಿತ ಗೊಬ್ಬರವನ್ನೇ ಬಳಸಿ, ಅದರಲ್ಲಿ ಬಿಳಿಯ ಹುಳುಗಳು ಕಂಡರೆ ಅವುಗಳನ್ನು ಗೊಬ್ಬರಸಮೇತ ಬೇರೆಡೆಗೆ ಒಯ್ದಿಡಬಹುದು. ಬೆಳಕು ಚೆನ್ನಾಗಿ ಮೂಡಿದ ಮೇಲೆಯೇ ಅಗೆಯತೊಡಗಿದರೆ ಎರೆಹುಳುವೂ ಇರುವೆಯ ಗೂಡೂ ಕಣ್ಣಿಗೆ ಬೀಳುತ್ತವೆ. ಸುವರ್ಣಗೆಡ್ಡೆಯನ್ನು ನೆರೆಹೊರೆಯವರು ಈ ಕಾಲದಲ್ಲಿ ನೆಡುತ್ತಾರೆ. ಅನಂತಕಾಯವೆಂದು ನಾವು ಬಿಟ್ಟಿರುವುದರಿಂದ, ಅದನ್ನು ಕೀಳಲು ಮತ್ತೆ ನೆಲ ಅಗೆಯುವ ಕೆಲಸವೂ ನಮಗಿಲ್ಲ.

ಎರಡನೆಯದು ಬೆಂಕಿ. ಕರಾವಳಿಯ ಹಿತ್ತಲುಗಳಲ್ಲಿ ದರಕನ್ನು ಗುಡಿಸಿ ಸುಡುವುದು, ಮಣ್ಣಿನೊಡನೆ ಸುಟ್ಟು ಸುಡುಮಣ್ಣು ಮಾಡುವುದು ಹಳೆಯ ಪದ್ಧತಿ. ಒಣಗಿದ ಎಲೆಯ ರಾಶಿ ನಮಗೆ ಕಸವಾಗಿ ಕಂಡರೂ ಜೇಡ, ಜೀರುಂಡೆ, ಶತಪದಿ, ಕಪ್ಪೆಗಳಿಗೆ ಅದು ಮನೆ. ಬೆಂಕಿಯಿಟ್ಟ ಕ್ಷಣದಲ್ಲಿ ಅಲ್ಲಿ ಎಷ್ಟು ತ್ರಸಜೀವಿಗಳು ಬೇಯುತ್ತವೆಯೋ ಎಣಿಸುವವರಾರು? ಕಾಡಿಗೆ ಬೆಂಕಿಯಿಡುವ ದವದಾನವನ್ನು ಹದಿನೈದು ಕರ್ಮಾದಾನಗಳಲ್ಲಿ ಒಂದೆಂದು ಹೇಳಿರುವಾಗ, ಹಿತ್ತಲಿನ ಬೆಂಕಿ ಚಿಕ್ಕದೆಂಬ ಸಮಾಧಾನ ಸಲ್ಲದು. ಲೌಕಿಕ ದೃಷ್ಟಿಯಿಂದಲೂ ಇದು ನಷ್ಟವೇ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನ ಸತ್ವವನ್ನು ಭಾರಿ ಮಳೆ ಪ್ರತಿವರ್ಷ ತೊಳೆದೊಯ್ಯುತ್ತದೆ. ಅದನ್ನು ತುಂಬಿಕೊಡಬಲ್ಲ ಎಲೆಯನ್ನು ನಾವು ಹೊಗೆ ಮಾಡುತ್ತೇವೆ. ಅದೇ ದರಕನ್ನು ಗಿಡಗಳ ಬುಡಕ್ಕೆ ಹೊದಿಸಿದರೆ ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ, ಅಗೆಯುವ ಅಗತ್ಯವೂ ತಗ್ಗುತ್ತದೆ.

ಹೊದಿಕೆಯಿಂದ ನೀರಿನ ಪ್ರಶ್ನೆಯೂ ಅರ್ಧ ಬಗೆಹರಿಯುತ್ತದೆ. ಅಪ್ಕಾಯದ ಜೀವಗಳನ್ನು ನಂಬುವ ನಾವು ಕುಡಿಯುವ ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ಅದೇ ಬಾವಿಗೆ ಸೇರಿಸುತ್ತೇವೆ. ಆದರೆ ಗಿಡಗಳಿಗೆ ಕೊಳವೆ ಹಿಡಿದಾಗ ಅಳತೆಯನ್ನು ಮರೆಯುತ್ತೇವೆ. ಅಕ್ಕಿ ತೊಳೆದ ನೀರು ಬಸಳೆಗೆ ಸಾಕು. ಉಳಿದುದಕ್ಕೆ ಸೂರ್ಯಾಸ್ತಕ್ಕೆ ಮುಂಚೆ, ಬೆಳಕಿರುವಾಗಲೇ, ಬುಡಕ್ಕೆ ಮಾತ್ರ ತಂಬಿಗೆಯಿಂದ ಎರೆದರೆ ನೆಲಕ್ಕೂ ಬಾವಿಗೂ ಹಿತ.

ಅತ್ಯಂತ ಕಠಿಣವಾದುದು ಕೀಟಗಳ ವಿಷಯ. ಹೀರೆ, ಹಾಗಲದ ಎಳೆಗಾಯಿಗೆ ನೊಣ ಮೊಟ್ಟೆಯಿಡುವ ಮುನ್ನವೇ ಕಾಗದದ ಚೀಲ ಕಟ್ಟಿದರೆ ಕಾಯಿಯೂ ಉಳಿಯುತ್ತದೆ, ಕೊಲ್ಲುವ ಪ್ರಸಂಗವೂ ಬರುವುದಿಲ್ಲ. ಆದರೆ ಎಲ್ಲಕ್ಕೂ ಹೀಗೆ ಉಪಾಯವಿಲ್ಲ. ಒಂದು ವರ್ಷ ನಮ್ಮ ಅಲಸಂದೆಯ ಸಾಲಿಗೆ ಹೇನು ಮುತ್ತಿತು. ಹಿತೈಷಿಯೊಬ್ಬರು ಸಿಂಪಡಿಸುವ ಯಂತ್ರವನ್ನೂ ಔಷಧವನ್ನೂ ತಂದುಕೊಡಲು ಸಿದ್ಧರಿದ್ದರು. ಔಷಧವೆಂಬುದು ಹೆಸರು, ವಸ್ತು ವಿಷ. ನಾವು ಆ ಸಾಲನ್ನು ಬಿಟ್ಟುಕೊಟ್ಟೆವು. ನಮಗೆ ಹಾಗೆ ಬಿಡಲು ಸಾಧ್ಯವಾದದ್ದು ಹಿತ್ತಲು ನಮ್ಮ ಜೀವನೋಪಾಯವಲ್ಲದ ಕಾರಣ. ಬೆಳೆಯನ್ನೇ ನಂಬಿದ ರೈತನಿಗೆ ನಮ್ಮ ಸಾಲನ್ನು ತೋರಿಸಿ ಉಪದೇಶ ಮಾಡುವ ಅಧಿಕಾರ ನಮಗಿಲ್ಲ. ಆದರೂ ವಿಷಕ್ಕೆ ಬೇಲಿಯಿಲ್ಲವೆಂಬುದನ್ನು ಮರೆಯುವಂತಿಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟಗಳಲ್ಲಿ ನಿಲ್ಲದೆ ಮಕ್ಕಳ ದೇಹವನ್ನೂ ಮುಟ್ಟಿತು. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ.

ಇದರೊಡನೆ ಹಿಂಸಾದಾನದ ಮಾತೂ ಬರುತ್ತದೆ. ಕೊಡಲಿ, ಗುದ್ದಲಿ, ಬೆಂಕಿ, ವಿಷ ಮೊದಲಾದ ಹಿಂಸೋಪಕರಣಗಳನ್ನು ಅನ್ಯರಿಗೆ ಕೊಡುವುದೂ ಅನರ್ಥದಂಡವೇ ಎಂದು ಶ್ರಾವಕಾಚಾರಗಳು ಎಚ್ಚರಿಸುತ್ತವೆ. ನೆರೆಯವರು ಗುದ್ದಲಿ ಕೇಳಿದರೆ ಇಲ್ಲವೆನ್ನುವುದು ಹಳ್ಳಿಯ ಬಾಳಿಗೆ ಹೊಂದದು. ಏತಕ್ಕೆಂದು ಸ್ನೇಹದಿಂದ ಕೇಳಬಹುದು. ಸಾಧ್ಯವಾದರೆ ಜೊತೆಯಲ್ಲಿ ಹೋಗಿ ಕೈಗೂಡಿಸಬಹುದು. ವಿಷದ ಡಬ್ಬಿಯಂತೂ ಮನೆಯಲ್ಲಿ ಇಲ್ಲದಿದ್ದರೆ ಕೊಡುವ ಪ್ರಶ್ನೆಯೇ ಏಳದು.

ಇಷ್ಟೆಲ್ಲ ತೊಡಕಿರುವಾಗ ತರಕಾರಿಯನ್ನು ಪೇಟೆಯಿಂದಲೇ ತರಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಕಾರವಾರ, ಅಂಕೋಲೆಗಳ ಪೇಟೆಗೆ ಹಾಲಕ್ಕಿ ಒಕ್ಕಲಿಗ ಮಹಿಳೆಯರು ತಾವೇ ಬೆಳೆದ ಸೊಪ್ಪು-ಕಾಯಿಗಳನ್ನು ತರುತ್ತಾರೆ. ನಾವೂ ಅವರಿಂದ ಕೊಳ್ಳುತ್ತೇವೆ. ಆದರೆ ಕೊಂಡುತಂದ ಮಾತ್ರಕ್ಕೆ ಹಿಂಸೆ ನಮ್ಮದಲ್ಲವೆನ್ನಲಾಗದು. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಾಗಿಲುಗಳಿಂದಲೂ ಕರ್ಮವು ಒಳಬರುತ್ತದೆ. ಹಿತ್ತಲಿನಲ್ಲಿ ಹಿಂಸೆ ನಮ್ಮ ಕಣ್ಣೆದುರಿಗಿರುತ್ತದೆ. ಕಂಡದ್ದನ್ನು ಕಡಿಮೆ ಮಾಡಿಕೊಳ್ಳಬಹುದು. ಹಿತ್ತಲಿನ ದೊಡ್ಡ ಉಪಕಾರ ಇದೇ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು 2021ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಿ, 2024ರ ಡಿಸೆಂಬರಿನಲ್ಲಿ ನಿಧನರಾದರು. ಶಾಲೆಗೆ ಹೋಗದ ಆ ತಾಯಿ ಯಾವ ಬೀಜವನ್ನು ಯಾವ ತಾಯಿಮರದಿಂದ ಆರಿಸಬೇಕೆಂಬುದನ್ನು ಬಲ್ಲವರಾಗಿದ್ದರು. ಆ ಬಗೆಯ ಲಕ್ಷ್ಯ ಮಣ್ಣಿನ ಒಡನಾಟದಿಂದ ಬರುವಂಥದು.

ಬಸದಿಗಳ ಆಡಳಿತ ಮಂಡಳಿಯವರಲ್ಲಿಯೂ ಒಂದು ವಿನಂತಿ. ವಾರ್ಷಿಕೋತ್ಸವಕ್ಕೆ ಮುನ್ನ ಪ್ರಾಕಾರದ ಹುಲ್ಲನ್ನು ತೆಗೆಯಲು ಕಳೆನಾಶಕವನ್ನು ಸಿಂಪಡಿಸದೆ, ಬೇಕಾದಷ್ಟು ಜಾಗದಲ್ಲಿ ಮಾತ್ರ ಕತ್ತಿಯಿಂದ ಕೊಯ್ಯಿಸಿರಿ; ಗುಡಿಸಿದ ಎಲೆಗೆ ಬೆಂಕಿಯಿಡಿಸದೆ ಮೂಲೆಯ ಗುಂಡಿಗೆ ಹಾಕಿಸಿರಿ. ಪೂಜೆಗೆ ಹೂ ಬಳಸುವ ಕಡೆ ಮೊಗ್ಗನ್ನು ಬಿಟ್ಟು, ಪೂರ್ಣವಾಗಿ ಅರಳಿದ ಹೂವನ್ನು ಹುಳುವಿಲ್ಲವೆಂದು ನೋಡಿ, ಎಣಿಕೆಯಷ್ಟೇ ಆರಿಸಬಹುದು. ಅಂಗಳದಲ್ಲಿ ಒಂದು ರಂಜೆಯ ಮರವಿದ್ದರೆ ಬೆಳಗಿನ ಹೊತ್ತಿಗೆ ಅದು ತಾನಾಗಿಯೇ ಹೂ ಉದುರಿಸುತ್ತದೆ. ಕೀಳುವ ಕೈಗೆ ಅಲ್ಲಿ ಕೆಲಸವೇ ಇಲ್ಲ.

ಶ್ರಾವಕ-ಶ್ರಾವಿಕೆಯರು ಈ ಫಾಲ್ಗುಣದಲ್ಲಿ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹಿತ್ತಲಿಗೆ ಇಳಿಯಲಿ. ಅಗೆಯುವ ಮುನ್ನ, ಸುಡುವ ಮುನ್ನ, ಕೀಳುವ ಮುನ್ನ ಏತಕ್ಕೆಂದು ಕೇಳಿಕೊಳ್ಳುವ ಅಭ್ಯಾಸ ಎಳೆಯ ಮನಸ್ಸಿಗೆ ಅಲ್ಲಿ ಸುಲಭವಾಗಿ ಹತ್ತುತ್ತದೆ. ಹಿತ್ತಲಿನಲ್ಲಿ ಕಲಿತ ಈ ಪ್ರಶ್ನೆ ಮುಂದೆ ಅಂಗಡಿಯಲ್ಲಿ, ಕಚೇರಿಯಲ್ಲಿ, ಆಡುವ ಮಾತಿನಲ್ಲಿಯೂ ಅವರ ಜೊತೆಗಿದ್ದರೆ, ಅನರ್ಥದಂಡವಿರತಿಯು ಗ್ರಂಥದಲ್ಲಿ ಉಳಿಯದೆ ನಡತೆಗೆ ಇಳಿದಂತಾಗುತ್ತದೆ.